ವೇಳಾಪಟ್ಟಿಯ ಯಂತ್ರಕ್ಕೆ ಪಾಠ ಹೇಳುವವರು ಯಾರು?

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಈಚೆಗೆ ಒಂದು ಮಾತನ್ನು ಪದೇ ಪದೇ ಕೇಳುತ್ತಿದ್ದೇನೆ: "ಸಾರ್, ಇನ್ನು ಕೈಪಿಡಿ ಬರೆಯುವ ಕಾಲ ಮುಗಿಯಿತು. ಎಐ ಏಜೆಂಟ್ ತಾನೇ ಓದಿ ಅರ್ಥ ಮಾಡಿಕೊಳ್ಳುತ್ತದೆ." ಏನನ್ನು ಓದಿ? ಬರೆಯದೆ ಬಿಟ್ಟದ್ದನ್ನು ಅದು ಎಲ್ಲಿಂದ ಓದೀತು? ಬೇರೆ ತಂತ್ರಾಂಶಗಳ ಮಾತು ಹೇಗೋ ಏನೋ, ವೇಳಾಪಟ್ಟಿ ಹಾಕುವ ತಂತ್ರಾಂಶದ ಮಟ್ಟಿಗಂತೂ ಈ ಮಾತು ಶುದ್ಧ ಸೋಮಾರಿತನವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಂಧುಗಳಿಗಾಗಿ ಒಂದು ವಿವರಣೆ. ನಮ್ಮ ತಿತಿಮತಿಯಲ್ಲಿ ಏಜೆಂಟ್ ಎಂದರೆ ವಿಮೆಯವನು, ಇಲ್ಲವೇ ಕಾಫಿ ಕೊಳ್ಳಲು ಬರುವವನು. ಇಲ್ಲಿ ಹೇಳುತ್ತಿರುವುದು ನಮ್ಮ ಮಾತನ್ನು ಕೇಳಿ, ನಮ್ಮ ಪರವಾಗಿ ಬೇರೆ ತಂತ್ರಾಂಶಗಳಿಂದ ಕೆಲಸ ಮಾಡಿಸುವ ಯಂತ್ರಬುದ್ಧಿ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಇದಕ್ಕಾಗಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಪದ್ಧತಿಯನ್ನು ಪ್ರಕಟಿಸಿತು. ಅದರಂತೆ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ಪಟ್ಟಿ ಇರುತ್ತದೆ. ಆ ಸಾಧನವನ್ನು ಯಾವಾಗ, ಹೇಗೆ ಬಳಸಬೇಕೆಂಬುದನ್ನು ಏಜೆಂಟ್ ತೀರ್ಮಾನಿಸುವುದು ಮುಖ್ಯವಾಗಿ ಆ ವಿವರಣೆಯನ್ನು ಓದಿಯೇ. ಅಂದಮೇಲೆ ಕೈಪಿಡಿಯ ಕಾಲ ಮುಗಿಯಿತೆನ್ನುವುದು ಹೇಗೆ? ನಿಜವಾಗಿ ಅದು ಈಗ ಆರಂಭವಾಗಿದೆ.

ಶಾಲೆಯ ವೇಳಾಪಟ್ಟಿ ಹಾಕಿದವರಿಗೆಲ್ಲ ಗೊತ್ತು, ಅದರಲ್ಲಿ ಕಾಣುವ ಚೌಕಗಳಿಗಿಂತ ಕಾಣದ ಕಟ್ಟಳೆಗಳೇ ಹೆಚ್ಚು. ಊಟದ ನಂತರದ ಮೊದಲ ಅವಧಿಗೆ ಗಣಿತ ಬೇಡ. ದೂರದ ಬಸ್ಸಿನಲ್ಲಿ ಬರುವ ಶಿಕ್ಷಕರಿಗೆ ಮೊದಲ ಅವಧಿ ಬೇಡ. ಆನೆ ಓಡಾಡುವ ದಾರಿಯಲ್ಲಿ ಮನೆಗೆ ಹೋಗುವ ಮಕ್ಕಳಿಗೆ ಸಂಜೆಯ ವಿಶೇಷ ತರಗತಿ ಬೇಡವೇ ಬೇಡ. ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರು ಇವನ್ನೆಲ್ಲ ಶಿಕ್ಷಕರ ಕೊಠಡಿಯಲ್ಲಿ ಕೇಳಿ ತಿಳಿಯುತ್ತಾರೆ. ಯಂತ್ರಕ್ಕೆ ಶಿಕ್ಷಕರ ಕೊಠಡಿ ಇಲ್ಲ. ಖಾಲಿ ಚೌಕ ಕಂಡರೆ ತುಂಬಿಬಿಡುತ್ತದೆ, ಅದೂ ಬಹಳ ವಿನಯದಿಂದ!

ಇದು ಹಳ್ಳಿಯ ಮೇಷ್ಟ್ರ ಆತಂಕವಷ್ಟೇ ಎನ್ನಬೇಡಿ. ಯೂನಿಕ್ಸ್ ಗಣಕಗಳಲ್ಲಿ 1970ರ ದಶಕದಿಂದಲೂ ಬಳಕೆಯಲ್ಲಿರುವ 'ಕ್ರಾನ್' ಎಂಬ ಸಾಧನವನ್ನೇ ನೋಡಿ. ತಿಂಗಳ ಮೊದಲ ಶನಿವಾರ ಸಭೆಯ ಸೂಚನೆ ಹೋಗಲೆಂದು, ತಾರೀಖಿನ ಜಾಗದಲ್ಲಿ 1ರಿಂದ 7, ವಾರದ ಜಾಗದಲ್ಲಿ ಶನಿವಾರ ಎಂದು ಬರೆದಿರೆನ್ನಿ. ಎರಡೂ ಕೂಡಿದ ದಿನ ಮಾತ್ರ ಎಂದು ನೀವು ತಿಳಿಯುತ್ತೀರಿ. ಕ್ರಾನ್ ಹಾಗೆ ತಿಳಿಯುವುದಿಲ್ಲ; ಮೊದಲ ಏಳು ದಿನವೂ ಸೂಚನೆ ಕಳಿಸುತ್ತದೆ, ಮಿಕ್ಕ ಎಲ್ಲ ಶನಿವಾರವೂ ಕಳಿಸುತ್ತದೆ. ಈ ನಿಯಮ ಅದರ ಕೈಪಿಡಿಯಲ್ಲಿ ಬರೆದಿದೆ, ಅನೇಕರು ಓದಿಲ್ಲ. ಅಂತೆಯೇ ಅನೇಕ ಸರ್ವರುಗಳ ಗಡಿಯಾರ ನಡೆಯುವುದು ಅಂತರರಾಷ್ಟ್ರೀಯ ಕಾಲಮಾನದಲ್ಲಿ. ಬೆಳಗಿನ 6 ಗಂಟೆಗೆಂದು ಬರೆದದ್ದು ನಮ್ಮಲ್ಲಿ ನಡೆಯುವುದು 11.30ಕ್ಕೆ. "ಯಾವ ಊರಿನ ಗಂಟೆ?" ಎಂಬ ಒಂದು ವಾಕ್ಯವನ್ನು ವಿವರಣೆಯಲ್ಲಿ ಸೇರಿಸಲು ಎಷ್ಟು ಹೊತ್ತು ಬೇಕು?

ಇನ್ನು ನಮ್ಮ ಜಿಲ್ಲೆಯ ಪಂಚಾಂಗಕ್ಕೆ ಬನ್ನಿ. 2009ರ ಐಕ್ಯಾಲೆಂಡರ್ ನಿಯಮಾವಳಿಯಲ್ಲಿ 'ನವೆಂಬರಿನ ನಾಲ್ಕನೆಯ ಗುರುವಾರ' ಎಂದು ಚೆನ್ನಾಗಿ ಬರೆಯಬಹುದು. ಅಮೆರಿಕದವರ ಹಬ್ಬ ಸರಿಯಾಗಿ ಬಂದು ಕೂರುತ್ತದೆ. ಹುತ್ತರಿಯನ್ನು ಹಾಗೆ ಬರೆಯಲಾಗದು. ಅದರ ದಿನ, ಕದಿರು ತೆಗೆಯುವ ಮುಹೂರ್ತ ಎರಡೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯವಾಗಬೇಕು. ತಲಕಾವೇರಿಯ ತೀರ್ಥೋದ್ಭವ 2023ರಲ್ಲಿ ಅಕ್ಟೋಬರ್ 17ರ ನಡುರಾತ್ರಿ ದಾಟಿ 1.27ಕ್ಕೆ, 2024ರಲ್ಲಿ 17ರ ಬೆಳಿಗ್ಗೆ 7.40ಕ್ಕೆ. ಸೂರ್ಯೋದಯಕ್ಕೆ ದಿನ ಬದಲಾಗುವ ನಮ್ಮ ಹಿರಿಯರಿಗೆ 2023ರ ತೀರ್ಥ ಹದಿನೇಳರದ್ದೇ, ಗಣಕಕ್ಕೆ ಹದಿನೆಂಟರದ್ದು. "ಹದಿನೇಳರ ರಾತ್ರಿಗೆ ಗಾಡಿ ಗೊತ್ತು ಮಾಡು" ಎಂದು ಅಜ್ಜಿ ಹೇಳಿದರೆ ಏಜೆಂಟ್ ಒಂದು ದಿನ ಮೊದಲೇ ಗಾಡಿ ಕಳಿಸೀತು. ಮಳೆಗಾಲದ ರಜೆಯಂತೂ ಜಿಲ್ಲಾಧಿಕಾರಿಗಳು ಹಿಂದಿನ ಸಂಜೆ ಘೋಷಿಸುವಂಥದ್ದು. ಇಂಥಲ್ಲೆಲ್ಲ "ಲೆಕ್ಕ ಹಾಕಬೇಡ, ಪ್ರಕಟಣೆ ಬರುವ ತನಕ ಕಾಯಿ, ಬಾರದಿದ್ದರೆ ಮನುಷ್ಯರನ್ನು ಕೇಳು" ಎಂದು ಯಾರಾದರೂ ಬರೆದಿಡಲೇಬೇಕು.

ಉದ್ದ ಬರೆದರೆ ಏಜೆಂಟಿನ ಗಮನ ಚದುರುತ್ತದೆ ಎಂಬ ವಾದವಿದೆ. ಅದರಲ್ಲಿ ಸತ್ಯಾಂಶವಿದೆ; ಉದ್ದನೆಯ ಉತ್ತರಗಳನ್ನು ತಿದ್ದಿ ದಣಿದವನಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಚಿಕ್ಕದಾಗಿ ಬರೆಯುವುದು ಬೇರೆ, ಬರೆಯದಿರುವುದು ಬೇರೆ. ಇನ್ನೊಂದು ವಾದ, ವಿವರಣೆಯನ್ನೂ ಎಐ ಕೈಲೇ ಬರೆಸಿದರಾಯಿತು ಎಂಬುದು. ವಿದ್ಯಾರ್ಥಿಯೇ ಪ್ರಶ್ನೆಪತ್ರಿಕೆ ಬರೆದು, ಉತ್ತರವನ್ನೂ ತಾನೇ ಬರೆದ ಹಾಗೆ! ಅದು ಕೋಡನ್ನು ಓದಿ, ಕೋಡು ಏನು ಮಾಡುತ್ತದೆ ಎಂಬುದನ್ನು ಅಚ್ಚುಕಟ್ಟಾಗಿ ಬರೆದೀತು. ಏನು ಮಾಡಬಾರದು, ಏಕೆ ಮಾಡಬಾರದು ಎಂಬುದು ಕೋಡಿನಲ್ಲಿ ಇರುವುದಿಲ್ಲ. ಅದು ಇರುವುದು ವೇಳಾಪಟ್ಟಿ ನೋಡಿಕೊಳ್ಳುವವರ ತಲೆಯಲ್ಲಿ. ಆಸ್ಪತ್ರೆಯಲ್ಲಿ ಸರದಿಯ ಪಟ್ಟಿ ಬರೆಯುವ ದಾದಿಯನ್ನು, ಡಿಪೋದಲ್ಲಿ ಬಸ್ಸಿನ ಪಾಳಿ ಹಾಕುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.

ರದ್ದು ಮಾಡುವ ಸಾಧನದ ಬಗ್ಗೆ ಮೊದಲು ಬರೆಯಿರಿ. ರದ್ದಾದರೆ ಯಾರಿಗೆಲ್ಲ ಸೂಚನೆ ಹೋಗುತ್ತದೆ? ಒಂದು ವಾರದ್ದು ಮಾತ್ರವೋ, ಮುಂದಿನವೆಲ್ಲವೂ ಅಳಿಸುತ್ತವೆಯೋ? ಕಾಯ್ದಿರಿಸಲು ಹೇಳಿ ಉತ್ತರ ಬಾರದಿದ್ದರೆ ಏಜೆಂಟ್ ಮತ್ತೊಮ್ಮೆ ಹೇಳಬಹುದೇ, ಹೇಳಿದರೆ ಎರಡು ಸಲ ದಾಖಲಾಗುತ್ತದೆಯೇ? ಆ ಪದ್ಧತಿಯಲ್ಲಿ 'ಇದು ಬರೀ ಓದುವಂಥದ್ದು', 'ಇದು ಅಳಿಸುವಂಥದ್ದು' ಎಂದು ಗುರುತು ಹಾಕಲು ಅವಕಾಶವಿದೆ. ಆದರೆ ಅವು ಸುಳಿವುಗಳಷ್ಟೇ, ಅಪರಿಚಿತರು ಹಾಕಿದ ಗುರುತನ್ನು ನಂಬಬೇಡಿ ಎಂದು ನಿಯಮವೇ ಎಚ್ಚರಿಸುತ್ತದೆ. ಆದ್ದರಿಂದ ಗುರುತು ಹಾಕಿ ಕೈತೊಳೆದುಕೊಳ್ಳದೆ, ಅಳಿಸುವ ಮುನ್ನ ಮನುಷ್ಯರ ಒಪ್ಪಿಗೆ ಕೇಳುವಂತೆ ತಂತ್ರಾಂಶದಲ್ಲೇ ಬಿಗಿ ಮಾಡಿ.

ಊರಿಗೆ ಬರುವಾಗ ನೀವು ಬರೆದ ವಿವರಣೆಯ ಪ್ರತಿಯೊಂದನ್ನು ತನ್ನಿ. ಕೆಂಪು ಶಾಯಿಯ ಪೆನ್ನು ನನ್ನಲ್ಲಿ ಇನ್ನೂ ಇದೆ.