ಊಟದ ಡಬ್ಬಿ ಸುತ್ತ ಕೂತವರಿಗಷ್ಟೇ ಕೆಲಸ ಕಲಿಸ್ತೀರಾ?



ತರಬೇತಿಗಳಲ್ಲಿ 70-20-10 ಅನ್ನೋ ಸೂತ್ರ ಕೇಳಿರ್ತೀರಿ. ನೌಕರ ಕಲಿಯೋದರಲ್ಲಿ 70 ಪಾಲು ಕೆಲಸ ಮಾಡ್ತಾ ಮಾಡ್ತಾ, 20 ಪಾಲು ಜೊತೆಯವರಿಂದ, ತರಬೇತಿ ಕೊಠಡಿಯಲ್ಲಿ ಬರೀ 10 ಪಾಲು ಅಂತ. ಲೆಕ್ಕ ಹೆಚ್ಚುಕಮ್ಮಿ ಇರಬಹುದು, ಮಾತು ಮಾತ್ರ ನಿಜ. ಟಿಪ್ಪಣಿ ಬರೆಯೋದು, ಕಡತ ಮಂಡಿಸೋದು, ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡೋದು, ಇವೆಲ್ಲ ಕೆಸಿಎಸ್‌ಆರ್ ಪುಸ್ತಕ ಓದಿದ ಮಾತ್ರಕ್ಕೆ ಬರಲ್ಲ. ಪಕ್ಕದ ಟೇಬಲ್ಲಿನ ಹಿರಿಯರು ಹೇಳಿಕೊಡಬೇಕು.

ನನ್ನ ಪ್ರಶ್ನೆ: ಆ ಪಕ್ಕದ ಟೇಬಲ್ಲು ಯಾರಿಗೆ ಸಿಗುತ್ತೆ?

ಆಫೀಸಿನ ಅರ್ಧ ವಿದ್ಯೆ ಮಧ್ಯಾಹ್ನದ ಊಟದ ಹೊತ್ತಲ್ಲಿ, ಟೀ ಅಂಗಡಿ ಮುಂದೆ ಕೈ ಬದಲಾಗುತ್ತೆ. ಯಾರ ಡಬ್ಬಿ ಯಾರ ಪಕ್ಕ ತೆರೆಯುತ್ತೆ ಅನ್ನೋದು ಜಾತಿ ನೋಡಿ ತೀರ್ಮಾನ ಆದರೆ, ವಿದ್ಯೆಯೂ ಜಾತಿ ನೋಡಿಯೇ ಹಂಚಿಕೆ ಆಗುತ್ತೆ. ನನ್ನನ್ನ ಆರು ವರ್ಷ ಟಪಾಲು ಶಾಖೆಯಲ್ಲೇ ಕೂರಿಸಿದ್ರು. ಇಲಾಖಾ ಪರೀಕ್ಷೆಯಲ್ಲಿ ಅಕೌಂಟ್ಸ್ ಹೈಯರ್ ಪಾಸಾಗಿದ್ರೂ ಒಂದು ವೇತನ ನಿಗದಿ ಕಡತ ನನ್ನ ಕೈಗೆ ಬರಲಿಲ್ಲ. ಕೊನೆಗೆ ನಿವೃತ್ತಿಗೆ ಹತ್ತಿರ ಇದ್ದ ಒಬ್ಬ ಸೂಪರಿಂಟೆಂಡೆಂಟ್ ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟರು. ಎರಡೇ ತಿಂಗಳು ಸಾಕಾಯ್ತು.

ಇದು ಇವತ್ತಿನದಲ್ಲ. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದಾಗ, ಜವಾನರು ಅವರ ಮೇಜಿಗೆ ಕಡತಗಳನ್ನ ದೂರದಿಂದ ಎಸೀತಿದ್ರು ಅಂತ ಜೀವನಚರಿತ್ರೆಗಳಲ್ಲಿದೆ. ಈಗ ಕಡತ ಎಸೆಯಲ್ಲ. ಮುಖ್ಯವಾದ ಕಡತ ಕೊಡೋದೇ ಇಲ್ಲ.

ಆಮೇಲೆ ಬಡ್ತಿ ಬಂದಾಗ "ಇವರಿಗೆ ಕೆಲಸ ಬರಲ್ಲ, ಮೀಸಲಾತಿಯವರು" ಅಂತಾರೆ. ಸಂವಿಧಾನದ 335ನೇ ವಿಧಿಯಲ್ಲಿರೋ ಆಡಳಿತ ದಕ್ಷತೆ ಅನ್ನೋ ಮಾತನ್ನ ನಮ್ಮ ವಿರುದ್ಧವೇ ಎತ್ತಿ ಹಿಡೀತಾರೆ. 2019ರಲ್ಲಿ ನಮ್ಮ ರಾಜ್ಯದ ಬಡ್ತಿ ಮೀಸಲಾತಿ ಕಾಯ್ದೆಯನ್ನ ಎತ್ತಿಹಿಡಿದ ಬಿ.ಕೆ. ಪವಿತ್ರ ತೀರ್ಪಿನಲ್ಲಿ, ಎಲ್ಲರನ್ನೂ ಒಳಗೊಳ್ಳೋದೂ ದಕ್ಷತೆಯ ಭಾಗವೇ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕಲಿಸದೇ ಇದ್ದು, ಕಲಿತಿಲ್ಲ ಅನ್ನೋದು ಯಾವ ದಕ್ಷತೆ ಸ್ವಾಮಿ?

ಹಾಗಂತ ಜೊತೆಯವರಿಂದ ಕಲಿಯೋದು ಬೇಡ ಅಂತಿಲ್ಲ. ಅದನ್ನ ಯಾರದೋ ಮನಸ್ಸಿಗೆ, ದಯೆಗೆ ಬಿಡಬೇಡಿ ಅಂತಿದೀನಿ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಕೆಲಸ ಹೇಳಿಕೊಡೋ ಹಿರಿಯರು ಯಾರು ಅಂತ ಕಚೇರಿ ಆದೇಶದಲ್ಲೇ ಬರೀರಿ. ಟಪಾಲು, ಸಿಬ್ಬಂದಿ, ಲೆಕ್ಕಪತ್ರ ಶಾಖೆಗಳನ್ನ ಸರದಿ ಮೇಲೆ ಎಲ್ಲರಿಗೂ ಕೊಡಿ. ಚಾರ್ಜು ಬಿಡುವಾಗ ಕೆಲಸದ ವಿವರ ಬರೆದಿಟ್ಟು ಹೋಗಲಿ. ತರಬೇತಿಗೆ ಯಾರನ್ನ ಕಳಿಸಿದ್ರಿ ಅನ್ನೋ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿ. ಇದಕ್ಕೆ ದೊಡ್ಡ ಖರ್ಚೇನಿಲ್ಲ, ಮನಸ್ಸು ಬೇಕು.

ನಮ್ಮ ನೌಕರರ ಸಂಘಗಳಿಗೂ ಒಂದು ಮಾತು. ರೋಸ್ಟರ್ ಬಿಂದು ಲೆಕ್ಕ ಹಾಕಿದಷ್ಟೇ ಕಾಳಜಿಯಿಂದ ಶಾಖೆ ಹಂಚಿಕೆಯನ್ನೂ ಕೇಳಿ. ಮುಂದೆ ಹೋಗಿರೋ ನಮ್ಮವರು ವಾರಕ್ಕೆ ಒಂದು ಗಂಟೆ ಹೊಸ ಹುಡುಗ ಹುಡುಗಿಯರ ಪಕ್ಕ ಕೂತು ಕಡತ ಬಿಚ್ಚಿ ತೋರಿಸಿ. ಶಿಕ್ಷಣ ಅಂದ್ರೆ ಬರೀ ಶಾಲೆ ಕಾಲೇಜಿಂದಲ್ಲ, ಕುರ್ಚಿ ಸಿಕ್ಕ ಮೇಲಿಂದೂ ನಮ್ಮ ಹಕ್ಕೇ.