ಒಳ್ಳೇದು ಮಂಡಿಗೆ, ಜೊಳ್ಳು ಮನೆಗೆ: ಈ ರೂಢಿ ಬಿಡೋಣ

ಸುಗ್ಗಿ ಮುಗಿದ ಮೇಲೆ ನಮ್ಮ ಕಣದಲ್ಲಿ ನಡೆಯುವ ವಿಂಗಡಣೆ ರೈತ ಬಾಂಧವರಿಗೆಲ್ಲ ಗೊತ್ತಿರೋದೇ. ದಪ್ಪ ಕಾಳು, ಹೊಳಪಿರೋ ಕಾಳು ಚೀಲ ಸೇರಿ ಮಂಡಿಗೆ ಹೋಗುತ್ತೆ. ಮೊರದಲ್ಲಿ ಉಳಿದ ಸಣ್ಣ ಕಾಳು, ಮಳೆಗೆ ಸಿಕ್ಕಿ ಕಪ್ಪಾದದ್ದು, ಮುಗ್ಗು ವಾಸನೆ ಬಂದದ್ದು "ಮನೆಗೆ ಆಗುತ್ತೆ ಬಿಡಿ" ಅಂತ ಒಳಗೆ ಬರುತ್ತೆ. ಬೆಳೆದವನಿಗೇ ಕಡೆಯ ಪಾಲು. ನನ್ನ ಪ್ರಕಾರ ರೈತರ ಮನೆಯ ಆರೋಗ್ಯ ಕೆಡೋದಕ್ಕೆ ಶುರುವಾಗೋದೇ ಇಲ್ಲಿಂದ.

ಶೇಂಗಾ ವಿಷಯವನ್ನೇ ತಗೊಳ್ಳಿ. ಸರಿಯಾಗಿ ಒಣಗದ, ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಇದು ಲಿವರ್‌ಗೆ ಹಾನಿ ಮಾಡುವಂಥದ್ದು. ತೊಳೆದರೆ, ಬೇಯಿಸಿದರೆ, ಹುರಿದರೆ ಪೂರ್ತಿ ಹೋಗಲ್ಲ. ವ್ಯಾಪಾರಿ ಆರಿಸಿ ಬೇಡ ಅಂದ ಬೀಜವನ್ನೇ ನಾವು ಚಟ್ನಿಪುಡಿ ಮಾಡಿ ಮಕ್ಕಳಿಗೆ ಬಡಿಸ್ತೀವಿ ಅಂದರೆ ಅದು ಉಳಿತಾಯ ಅಲ್ಲ. ಬಣ್ಣಗೆಟ್ಟ, ಸುಕ್ಕಾದ, ಬೂಷ್ಟು ಬಂದ ಬೀಜವನ್ನು ಆರಿಸಿ ಎಸೆಯಬೇಕು. ಹಸುವಿಗೂ ಹಾಕಬಾರದು, ಆ ವಿಷ ಹಾಲಿಗೂ ಇಳಿಯುತ್ತೆ.

ಹಾಗಾದರೆ ಮಾಡಬೇಕಾದ್ದೇನು? ಮಂಡಿಗೆ ತುಂಬೋ ಮೊದಲೇ, ಒಳ್ಳೇ ರಾಶಿಯಿಂದಲೇ, ಅಳತೆ ಮಾಡಿ ಮನೆ ಪಾಲು ತೆಗೆದಿಡಿ. ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ ಒಬ್ಬರಿಗೆ 110 ಗ್ರಾಂ ರಾಗಿಹಿಟ್ಟು ಅಂತ ಹಿಡಿದರೆ ಐದು ಜನರ ಮನೆಗೆ ವರ್ಷಕ್ಕೆ ಸುಮಾರು 2 ಕ್ವಿಂಟಾಲ್ ರಾಗಿ ಬೇಕು. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಅಂದರೆ ಆ ಬೆಲೆಗೆ ಎರಡು ಕ್ವಿಂಟಾಲ್ ಮಾರಿದ್ದರೆ ಸಿಗುತ್ತಿದ್ದದ್ದು 8,580 ರೂಪಾಯಿ, ದಿನಕ್ಕೆ 24 ರೂಪಾಯಿಗೂ ಕಡಿಮೆ. ಆ ದುಡ್ಡಿಗೆ ಅಂಗಡಿಯಲ್ಲಿ ಒಂದಿಷ್ಟು ಬಿಸ್ಕತ್ತು ಬರಬಹುದು, ಐದು ಜನಕ್ಕೆ ಒಂದು ಹೊತ್ತಿನ ಊಟ ಬರಲ್ಲ. ಪಡಿತರದ ಅಕ್ಕಿ ಬೇಡ ಅಂತ ನಾನು ಹೇಳ್ತಿಲ್ಲ, ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಎರಡೂ ಹೊತ್ತು ಬರೀ ಅನ್ನವೇ ಆದರೆ ಆ ಕೊರತೆ ತುಂಬೋದು ಎಲ್ಲಿಂದ?

ಬೇಳೆಕಾಳಿನ ಲೆಕ್ಕದಲ್ಲಿ ನಾವು ಇನ್ನೂ ಹಿಂದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲಿ ದಿನಕ್ಕೆ ಒಬ್ಬರಿಗೆ ಹೇಳಿರೋದು ಸುಮಾರು 85 ಗ್ರಾಂ. ಐದು ಜನಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 13 ಕೆಜಿ ಆಯ್ತು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಳೆ ಬರುತ್ತೆ ಅಂತ ಒಮ್ಮೆ ಕೇಳಿ ನೋಡಿ. ತೊಗರಿ ಒಂದೇ ಸಾಲದು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದ ನಮ್ಮ ಹಿರಿಯರು ಮಂಡಿಗೆ ಬೆಳೆದದ್ದಲ್ಲ, ಅಡುಗೆಮನೆಗೆ ಬೆಳೆದದ್ದು. ಹುರುಳಿ, ಹೆಸರು ಇದ್ದರೆ ಒಂದು ತೆಳು ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸೋದಕ್ಕೆ ಖರ್ಚೇನೂ ಇಲ್ಲ.

"ಇಟ್ಟರೆ ಹುಳ ಬೀಳುತ್ತೆ" ಅನ್ನೋದು ಎಲ್ಲರ ದೂರು. ರಾಗಿಗೆ ಆ ಭಯ ಕಡಿಮೆ, ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಇರುತ್ತೆ. ಹುಳ ಬೇಗ ಬೀಳೋದು ಇಡೀ ಬೇಳೆಕಾಳಿಗೆ. ಕಾಳನ್ನು ಹಲ್ಲಲ್ಲಿ ಕಚ್ಚಿದರೆ ಕಟಕ್ ಅನ್ನುವಷ್ಟು ಒಣಗಿಸಿ, ಬಿಸಿಲಿಂದ ತಂದ ತಕ್ಷಣ ತುಂಬದೆ ಆರಲು ಬಿಟ್ಟು, ಗಾಳಿಯಾಡದ ಡಬ್ಬಿಗೆ ಹಾಕಿ. ಕೆಜಿಗೆ 5 ಮಿಲಿ ಅಡುಗೆ ಎಣ್ಣೆ ಸವರಿದರೂ ನುಸಿ ಕಾಟ ತಗ್ಗುತ್ತೆ. ತೊಗರಿಯನ್ನು ಬೇಳೆ ಮಾಡಿಟ್ಟರೆ ಇನ್ನೂ ಸಲೀಸು. ಆದರೆ ಹಿಟ್ಟು ಮಾತ್ರ ರಾಶಿ ಬೀಸಿಡಬೇಡಿ. ಸಜ್ಜೆ ಹಿಟ್ಟು ವಾರದೊಳಗೇ ಕಮಟು ಬರುತ್ತೆ. ಸಾಮೆ, ನವಣೆಯನ್ನೂ ಸಿಪ್ಪೆ ಸಮೇತ ಇಟ್ಟುಕೊಂಡು ಬೇಕಾದಷ್ಟೇ ಅಕ್ಕಿ ಮಾಡಿಸಿ.

ಮಾಳಿಗೆ ಮನೆಗಳಲ್ಲಿ ವಾಡೆ ಇತ್ತು, ಕಣಜ ಇತ್ತು, ಬಯಲುಸೀಮೆಯಲ್ಲಿ ಹಗೇವು ಇತ್ತು. ಈಗ ಆರ್‌ಸಿಸಿ ಮನೆ ಕಟ್ಟಿಸುವಾಗ ಹಾಲ್‌ನಲ್ಲಿ ಶೋಕೇಸಿಗೆ ಜಾಗ ಬಿಡ್ತೀವಿ, ಕಾಳಿನ ಡ್ರಮ್ಮಿಗೆ ಬಿಡಲ್ಲ. ಎರಡು ದೊಡ್ಡ ಮುಚ್ಚಳದ ಡ್ರಮ್, ಆರೇಳು ಸ್ಟೀಲ್ ಡಬ್ಬಿ, ಒಂದು ಜರಡಿ, ಒಂದು ಮೊರ, ಒಳ್ಳೇ ಕುಕ್ಕರ್, ಒಂದು ಕಬ್ಬಿಣದ ಬಾಣಲೆ. ಅಡುಗೆಮನೆಗೆ ಇಷ್ಟಿದ್ದರೆ ಸಾಕು. ಬಾಣಲೆಯಲ್ಲಿ ಸೊಪ್ಪಿನ ಪಲ್ಯ ಮಾಡಿದರೆ ಒಂದಿಷ್ಟು ಕಬ್ಬಿಣಾಂಶವೂ ಸಿಗುತ್ತೆ, ಹುಣಸೆ ಹುಳಿಯ ಸಾರು ಮಾತ್ರ ಅದರಲ್ಲೇ ಬಿಡಬೇಡಿ. ಹಿತ್ತಿಲಲ್ಲಿ ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯ ಇದ್ದರೆ ಬಚ್ಚಲ ನೀರಲ್ಲೇ ಬೆಳೆಯುತ್ತವೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಔಷಧಿ ಹೊಡೆದ ಖಾಲಿ ಕ್ಯಾನು ಎಷ್ಟು ತೊಳೆದರೂ ಅಡುಗೆಮನೆಗೆ ಬರಕೂಡದು, ನೀರಿಗೂ ಬೇಡ, ಎಣ್ಣೆಗೂ ಬೇಡ. ಔಷಧಿ ಬೆರೆಸಿದ ಬಿತ್ತನೆ ಬೀಜ ಮಿಕ್ಕರೆ ಅಡುಗೆಗೆ ಸೇರಿಸಬೇಡಿ. ಕಾಳಿಗೆ ಇಡೋ ವಿಷದ ಗುಳಿಗೆಯನ್ನು ಜನ ಮಲಗೋ ಮನೆಯೊಳಗೆ ಎಂದೂ ಬಳಸಬೇಡಿ. ಅದರಿಂದ ಹೊರಡೋ ಫಾಸ್ಫಿನ್ ಅನಿಲ ಜೀವ ತೆಗೆಯುತ್ತೆ.

"ಸಾಲ ತೀರಿಸೋದು ಬಿಟ್ಟು ಕಾಳು ಇಟ್ಕೊಂಡು ಕೂರೋಕೆ ಆಗುತ್ತಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪೂರ್ತಿ ವರ್ಷದ್ದು ಆಗದಿದ್ದರೆ ಆರು ತಿಂಗಳದ್ದು ಇಡಿ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರಿ, ಮಳೆಗಾಲದಲ್ಲಿ ಹೆಚ್ಚು ಕೊಟ್ಟು ಅದನ್ನೇ ಕೊಳ್ಳೋದರಿಂದ ಸಾಲ ಇಳಿಯಲ್ಲ. ಇನ್ನು ಕೆಲವರು ಬೀಸುಕಲ್ಲು, ಒರಳುಕಲ್ಲು ವಾಪಸ್ ಬರಲಿ ಅಂತಾರೆ. ಬೀಸುವವರು ಯಾರು ಅಂತ ಮಾತ್ರ ಹೇಳಲ್ಲ. ಹೊಲದ ಕೆಲಸವೂ ಮಾಡಿ ಬರೋ ಹೆಣ್ಣುಮಕ್ಕಳ ತಲೆಗೆ ಇದನ್ನೂ ಕಟ್ಟಬೇಡಿ. ಮಿಲ್ಲಿಗೆ ಹಾಕಿಸಿ, ಮಿಕ್ಸಿ ಕೊಡಿಸಿ, ಜೊತೆಗೆ ಮುದ್ದೆ ತಿರುವೋದಕ್ಕೆ ನೀವೂ ಕೋಲು ಹಿಡಿಯಿರಿ.

ಈ ಮುಂಗಾರಿಗೆ ಏನು ಬಿತ್ತಬೇಕು ಅಂತ ಕೂತು ಮಾತಾಡುವಾಗ ಅಡುಗೆ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ವರ್ಷಕ್ಕೆ ಯಾವ ಕಾಳು ಎಷ್ಟು ಬೇಕು ಅಂತ ಅವರೇ ಹೇಳಲಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಷ್ಟಕ್ಕೆ ಮೊದಲು ಜಾಗ ಬಿಡಿ, ಉಳಿದ ಹೊಲ ಮಂಡಿಗೆ.