ಬ್ಯಾರಿಗಳಿಗೆ ಮಾರ್ಕೆಟಿಂಗ್ ಕೆಲಸ ಸಣ್ಣದಾದದ್ದು ಯಾವಾಗ?

ಕಳೆದ ತಿಂಗಳು ಒಂದು ಸಂಬಂಧದ ಮಾತುಕತೆಗೆ ಹೋಗಿದ್ದೆ. ಹುಡುಗ ಬಿಬಿಎ ಮುಗಿಸಿದ್ದಾನೆ, ದುಶ್ಚಟ ಇಲ್ಲ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಎಲ್ಲ ಆಯಿತು ಎನ್ನುವಾಗ ಹುಡುಗಿ ಕಡೆಯ ಹಿರಿಯರೊಬ್ಬರು, "ಕೆಲಸ ಏನು?" ಎಂದು ಕೇಳಿದರು. "ಮಾರ್ಕೆಟಿಂಗ್" ಅಂದೆವು. "ಓ, ಬ್ಯಾಗ್ ಹಿಡ್ಕೊಂಡು ತಿರುಗುವುದಾ?" ಅಂದರು. ಚಹಾ ಕುಡಿದು ಎದ್ದು ಬಂದೆವು. ಮಾತು ಅಲ್ಲಿಗೇ ನಿಂತಿತು.

ತಮಾಷೆ ನೋಡಿ. 'ಬ್ಯಾರಿ' ಎಂಬ ಹೆಸರು ಬಂದದ್ದೇ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಅಜ್ಜಂದಿರು ತಲೆ ಮೇಲೆ ಬಟ್ಟೆಯ ಗಂಟು, ಒಣಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವರು. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಯಾರಿಗೆ ಸಾಲ ಕೊಡಬಹುದು, ಯಾರ ಹತ್ತಿರ ತುಳುವಿನಲ್ಲಿ ಮಾತಾಡಬೇಕು ಎಂದು ಅವರಿಗೆ ಗೊತ್ತಿತ್ತು. ಮಾರ್ಕೆಟಿಂಗ್ ಅಂದರೆ ಅದೇ ಅಲ್ವಾ? ಅದೇ ಕೆಲಸವನ್ನು ಮೊಮ್ಮಗ ಶರ್ಟ್ ಇನ್ ಮಾಡಿ, ಲ್ಯಾಪ್‌ಟಾಪ್ ಹಿಡಿದು ಮಾಡಿದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ.

ಇದಕ್ಕೆ ಒಂದು ಕಾರಣ ಗಲ್ಫ್. ನಲ್ವತ್ತು ವರ್ಷ ನಮಗೆ ಕೆಲಸ ಎಂದರೆ ವೀಸಾ ಎಂದೇ ಅರ್ಥ. ಆದರೆ ಆ ಬಾಗಿಲು ಮೊದಲಿನ ಹಾಗೆ ಇಲ್ಲ. ಸೌದಿಯಲ್ಲಿ 2016ರಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿ ಕೆಲಸ ಪೂರ್ತಿಯಾಗಿ ಅಲ್ಲಿನವರಿಗೇ ಮೀಸಲಾಯಿತು. 2018ರಿಂದ ಬಟ್ಟೆ, ಪೀಠೋಪಕರಣ, ವಾಚು, ಎಲೆಕ್ಟ್ರಾನಿಕ್ಸ್ ಸೇರಿ 12 ಬಗೆಯ ಅಂಗಡಿಗಳಲ್ಲಿ ಹಂತಹಂತವಾಗಿ ಸ್ವದೇಶೀಕರಣ ಬಂತು. ಯುಎಇಯಲ್ಲೂ 2022ರಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು ಕೌಶಲದ ಹುದ್ದೆಗಳಲ್ಲಿ ವರ್ಷಕ್ಕೆ ಶೇ. 2ರಷ್ಟು ಸ್ವದೇಶಿಗಳನ್ನು ಹೆಚ್ಚಿಸಬೇಕೆಂಬ ನಿಯಮ ಬಂತು. ಅಂದರೆ ಹೊಡೆತ ಬಿದ್ದದ್ದು ನಮ್ಮ ಮಕ್ಕಳು ನಿಲ್ಲುತ್ತಿದ್ದ ಕೌಂಟರ್‌ಗಳಿಗೇ. ಆ ದೇಶಗಳ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರ ಮಕ್ಕಳಿಗೂ ಕೆಲಸ ಬೇಕು. ನಾವು ಏನು ಮಾಡುತ್ತಿದ್ದೇವೆ ಎಂಬುದು ಪ್ರಶ್ನೆ.

ಊರಿನಲ್ಲೇ ಮಾರ್ಕೆಟಿಂಗ್ ಕಲಿತವರಿಗೆ ದಾರಿ ಉಂಟು. ಬ್ಯಾಂಕ್, ವಿಮೆ, ಔಷಧ ಕಂಪೆನಿ, ಆಸ್ಪತ್ರೆ, ಬಿಲ್ಡರ್, ಕಾಲೇಜು, ಎಲ್ಲರಿಗೂ ಇಂಥವರು ಬೇಕು. ಆದರೆ ಕೆಲಸದ ಸ್ವರೂಪ ಬದಲಾಗಿದೆ. ಗೂಗಲ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುವುದು, ಹಾಕಿದ ದುಡ್ಡಿಗೆ ಎಷ್ಟು ಗಿರಾಕಿ ಬಂದರು ಎಂದು ಲೆಕ್ಕ ತೆಗೆಯುವುದು ಈಗಿನ ಮುಖ್ಯ ಕೌಶಲ. ಬರೀ ಪೋಸ್ಟರ್ ಮಾಡುವವನ, ನಾಲ್ಕು ಸಾಲು ಬರೆಯುವವನ ಕೆಲಸಕ್ಕೆ ಆಪತ್ತು ಬಂದಿದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅದನ್ನು ಯಂತ್ರವೇ ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಗಿರಾಕಿ ಯಾಕೆ ಮುಖ ತಿರುಗಿಸಿದ ಎಂದು ಅವನ ಎದುರು ಕೂತು ತಿಳಿದುಕೊಳ್ಳುವುದು ಯಂತ್ರಕ್ಕೆ ಆಗುವುದಿಲ್ಲ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ ಐದೂ ಮಾತಾಡುವ ಹುಡುಗರು ನಮ್ಮಲ್ಲಿ ಮನೆಮನೆಗೆ ಇದ್ದಾರೆ. ಕೊರತೆ ಇರುವುದು ಇಂಗ್ಲಿಷ್‌ನಲ್ಲಿ ಒಂದು ಇಮೇಲ್ ಸರಿಯಾಗಿ ಬರೆಯುವುದರಲ್ಲಿ, ಎಕ್ಸೆಲ್‌ನಲ್ಲಿ. ಎರಡನ್ನೂ ಆರು ತಿಂಗಳಲ್ಲಿ ಕಲಿಯಬಹುದು. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಜಾಹೀರಾತಿನ ಪಾಠವೂ ಪ್ರಮಾಣಪತ್ರವೂ ಉಚಿತ.

ಒಂದು ಎಚ್ಚರಿಕೆ. "ಮಾರ್ಕೆಟಿಂಗ್ ಕೆಲಸ, ಮೊದಲು ದುಡ್ಡು ಕಟ್ಟಿ, ಮತ್ತೆ ನಿಮ್ಮ ಕೆಳಗೆ ನಾಲ್ಕು ಜನ ಸೇರಿಸಿ" ಎಂದವರನ್ನು ನಂಬಬೇಡಿ. ಅದು ಉದ್ಯೋಗ ಅಲ್ಲ, ಸರಪಳಿ. ಇಂಥ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳೂ ನಿಷೇಧಿಸಿವೆ. ಇದರಲ್ಲಿ ಮೊದಲು ಮುಳುಗುವುದು ಸ್ವಂತ ಕುಟುಂಬ, ಮತ್ತೆ ಇಡೀ ಮೊಹಲ್ಲಾ. ಟಾರ್ಗೆಟ್‌ಗಾಗಿ ಸುಳ್ಳು ಹೇಳುವ ಕೆಲಸವೂ ನಮಗೆ ಬೇಡ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯಾದದ್ದನ್ನು ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿ (ಸ) ಎಚ್ಚರಿಸಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಮನೆಯಲ್ಲೇ ಕೂತು ಅಬಾಯ, ಕೇಕ್, ಉಪ್ಪಿನಕಾಯಿಯನ್ನು ಫೋನಿನಲ್ಲಿ ಮಾರುವ ಹುಡುಗಿಯರು ಇಂದು ಎಷ್ಟೋ ಮಂದಿ. ಅವರು ಮಾಡುತ್ತಿರುವುದು ಮಾರ್ಕೆಟಿಂಗೇ. ಕಂಪೆನಿಯೊಂದು ಅವರನ್ನು ಕೆಲಸಕ್ಕೆ ಕರೆದರೆ ಮಾತ್ರ ನಾವು ಹುಬ್ಬೇರಿಸುತ್ತೇವೆ. ಸಿರಿಯಾದವರೆಗೆ ಸರಕು ಕಳಿಸಿ ವ್ಯಾಪಾರ ನಡೆಸಿದ ಖದೀಜಾ (ರ) ಅವರ ಚರಿತ್ರೆಯನ್ನು ವರ್ಷವರ್ಷ ಕೇಳುವವರು ನಾವು.

ಕೊನೆಗೆ ನಮ್ಮ ಅಂಗಡಿ, ಹೋಟೆಲ್, ಶೋರೂಂ ಮಾಲಕರಿಗೆ ಒಂದು ಮಾತು. ಲಕ್ಷಗಟ್ಟಲೆ ಕೊಟ್ಟು ಒಳಾಂಗಣ ಮಾಡಿಸುತ್ತೀರಿ. ಜಾಹೀರಾತಿಗೆ ಮಾತ್ರ ಅಕ್ಕನ ಮಗನನ್ನು ಕರೆದು "ಸ್ವಲ್ಪ ಪೋಸ್ಟ್ ಹಾಕು ಮಾರಾಯ" ಅನ್ನುತ್ತೀರಿ. ಸಂಬಳದ ಮಾತೇ ಇಲ್ಲ. ಅವನಿಗೆ ಅನುಭವ ಪತ್ರ ಸಿಗುವುದಿಲ್ಲ, ನಿಮಗೆ ಗಿರಾಕಿ ಸಿಗುವುದಿಲ್ಲ. ಒಬ್ಬ ಕಲಿತ ಹುಡುಗನಿಗೆ ಒಂದು ವರ್ಷ ಸರಿಯಾದ ಸಂಬಳ ಕೊಟ್ಟು ನೋಡಿ. ಜಮಾಅತ್‌ಗಳೂ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸುಮ್ಮನಾಗದೆ, ಊರಿನ ಮಾಲಕರನ್ನೂ ಡಿಗ್ರಿ ಮುಗಿಸಿದ ಹುಡುಗರನ್ನೂ ಒಂದು ಆದಿತ್ಯವಾರ ಒಟ್ಟಿಗೆ ಕೂರಿಸಲಿ.

ಅಜ್ಜನ ಬುಟ್ಟಿ ನಮಗೆ ಹೆಮ್ಮೆ. ಹಾಗಾದರೆ ಮೊಮ್ಮಗನ ಬ್ಯಾಗ್ ಯಾಕೆ ಅವಮಾನ? ಮುಂದಿನ ಸಂಬಂಧದ ಮಾತುಕತೆಗೆ ಹೋಗುವ ಮೊದಲು ಇಷ್ಟನ್ನು ಯೋಚಿಸಿದರೆ ಸಾಕು.